ಕುಡಿಯದವರ ಮನೆಯ ಲಿವರು

"ಎಷ್ಟು ವರ್ಷದಿಂದ ಕುಡೀತಿದ್ದೀರಿ?" ಎಂದು ಮೈಸೂರಿನ ಡಾಕ್ಟರು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಜಯ ಕುರ್ಚಿಯಿಂದ ಎದ್ದು ನಿಂತಿದ್ದಳು.

"ಕುಡಿಯಾದಾ? ಇವ್ರಾ? ಸಾರ್, ಮದ್ವೆಮನೇಲಿ ದ್ರಾಕ್ಷಿ ಜ್ಯೂಸ್ ಕೊಟ್ರೂ ಮೂಸಿ ನೋಡಿ ಬಾಯ್ಗಿಡೋರು ಇವ್ರು!"

ಡಾಕ್ಟರು ನಕ್ಕುಬಿಟ್ಟರು. ನಮ್ಮಷ್ಟೇ ವಯಸ್ಸಿನ, ತಲೆಯಲ್ಲಿ ಕೂದಲು ಕಡಿಮೆಯಿದ್ದ, ಮೆತ್ತಗೆ ಮಾತಾಡುವ ಮನುಷ್ಯ. "ಕೂತ್ಕೊಳ್ಳಿ ಅಮ್ಮ. ಎಲ್ಲರನ್ನೂ ಕೇಳಬೇಕಾದ ಪ್ರಶ್ನೆ ಇದು, ಬೇಜಾರು ಮಾಡ್ಕೋಬೇಡಿ" ಎಂದರು. ಜಯ ಕೂತಳು. ಆದರೆ ಸೆರಗನ್ನು ಎರಡು ಕೈಯಲ್ಲೂ ಹಿಂಡುತ್ತಿದ್ದುದು ನನಗೆ ಕಾಣುತ್ತಿತ್ತು. ಅವಳಿಗೆ ಬಂದದ್ದು ಸಿಟ್ಟಲ್ಲ, ಹೆದರಿಕೆ.

ನಾನು ಚಿನಕುರಳಿ ಪಕ್ಕದ ಹಳ್ಳಿಯೊಂದರ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಊರವರು ತಂದ ಹಾಲನ್ನು ಮಿಷನ್ನಿಗೆ ಹಾಕಿ, ಫ್ಯಾಟು ಎಷ್ಟಿದೆ ನೋಡಿ ಬರೆಯುವುದು ನನ್ನ ಕೆಲಸ. ವಯಸ್ಸು ಐವತ್ತೊಂದು. ಆಳು ಸಣಕಲು; ಮದುವೆಯಲ್ಲಿ ಹೊಲಿಸಿದ ಪ್ಯಾಂಟು ಈಗಲೂ ಸೊಂಟಕ್ಕೆ ಸಡಿಲ. ನಲವತ್ತಕ್ಕೇ ಶುಗರು ಬಂದಿತ್ತು, ಆದರೆ ಅದನ್ನು ನಾನು ಕಾಯಿಲೆ ಎಂದೇ ಎಣಿಸಿರಲಿಲ್ಲ. ನಮ್ಮ ಕಡೆ ಕನ್ನಡಕ ಬಂದ ಹಾಗೆ ಶುಗರೂ ಬರುತ್ತದೆ. ಒಂದು ದಿನ ಕ್ಯಾನು ಎತ್ತುವಾಗ ಬಲ ಪಕ್ಕೆಯಲ್ಲಿ ಚಳಕು ಹೊಡೆಯಿತು. ಕಿಡ್ನಿ ಕಲ್ಲಿರಬೇಕು ಎಂದುಕೊಂಡು ಪಾಂಡವಪುರಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದೆ.

ಅಲ್ಲಿನ ಡಾಕ್ಟರಮ್ಮ ಮೊದಲು ಮಾತಾಡುತ್ತಲೇ ಇದ್ದರು. ಊರು ಯಾವುದು, ಈ ಸಲ ಮಳೆ ಹೇಗೆ ಎಂದೆಲ್ಲ ಕೇಳಿದರು. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ ಆ ಉಪಕರಣವನ್ನು ಆಡಿಸುತ್ತಿದ್ದವರು ಪಕ್ಕೆಯ ಕೆಳಗೆ ಬಂದಾಗ ಸುಮ್ಮನಾದರು. ಅದೇ ಜಾಗದಲ್ಲಿ ಮತ್ತೆ ಆಡಿಸಿದರು. ಇನ್ನೊಂದು ಮಗ್ಗುಲಿಗೆ ತಿರುಗಿಸಿ ಮತ್ತೆ ನೋಡಿದರು. ಡೈರಿಯಲ್ಲಿ ನನಗೆ ಯಾರ ಹಾಲಿನ ಮೇಲಾದರೂ ಅನುಮಾನ ಬಂದರೆ ನಾನೂ ಹೀಗೆಯೇ ಮಾತು ನಿಲ್ಲಿಸುತ್ತೇನೆ. ಆದ್ದರಿಂದ ಅವರು ಹೇಳುವ ಮೊದಲೇ ನನಗೆ ಗೊತ್ತಾಯಿತು. "ಕಲ್ಲೇನಿಲ್ಲ. ಲಿವರಲ್ಲಿ ಒಂದು ಗಂಟಿದೆ. ಮೈಸೂರಿಗೆ ಹೋಗಿ ತೋರಿಸಿ, ತಡ ಮಾಡಬೇಡಿ" ಎಂದರು.

ಮೈಸೂರಿನಲ್ಲಿ ರಕ್ತ, ಸಿಟಿ ಸ್ಕ್ಯಾನು, ಮತ್ತೆ ರಕ್ತ. ಆ ದಿನಗಳಲ್ಲಿ ನಾನು ಕಲಿತದ್ದು ಕಾಯುವುದನ್ನು. ಆಸ್ಪತ್ರೆಯ ಹೊರಗಿನ ಸಾಲು ಕುರ್ಚಿಗಳಲ್ಲಿ ಕೂತವರು ಮೊದಲ ದಿನ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎರಡನೆಯ ದಿನ ಊರು ಕೇಳುತ್ತಾರೆ. ಮೂರನೆಯ ದಿನ ತಂದ ಬುತ್ತಿಯಲ್ಲಿ ಪಾಲು ಕೊಡುತ್ತಾರೆ. ಕಾಯಿಲೆಯ ಹೆಸರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಹೆಸರನ್ನು ಕೊನೆಗೆ ಡಾಕ್ಟರೇ ಹೇಳಿದರು. ಲಿವರ್ ಕ್ಯಾನ್ಸರು. ನಿಂಬೆಹಣ್ಣಿನಷ್ಟು ಗಂಟು, ಒಂದೇ ಕಡೆ ಇದೆ, ಆ ಭಾಗ ಕತ್ತರಿಸಿ ತೆಗೆಯಬಹುದು, ಉಳಿದ ಲಿವರು ಮತ್ತೆ ಬೆಳೆಯುತ್ತದೆ ಎಂದರು. ಕಾಮಾಲೆ ತರುವ ವೈರಸ್ಸುಗಳು ರಕ್ತದಲ್ಲಿರಲಿಲ್ಲ. ಕುಡಿತವಿಲ್ಲ. "ಲಿವರಲ್ಲಿ ಕೊಬ್ಬು ತುಂಬಿ, ಅದು ಗಟ್ಟಿಯಾಗ್ತಾ ಬಂದು ಹೀಗಾಗಿದೆ" ಎಂದರು.

ಹೊರಗೆ ಬಂದು ಊರಿನ ಬಸ್ಸು ಹತ್ತಿದೆವು. ಬಸ್ಸು ಶ್ರೀರಂಗಪಟ್ಟಣಕ್ಕೆ ಬಂದಾಗ ಜಯ ಒಮ್ಮೆಗೇ "ಇಳೀರಿ" ಎಂದಳು. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎರಡು ಪ್ಲೇಟು ಇಡ್ಲಿ ಹೇಳಿದಳು. ನಾನು ನನ್ನ ತಟ್ಟೆ ಮುಟ್ಟಲಿಲ್ಲ. ಅವಳು ತನ್ನ ತಟ್ಟೆ ಮುಗಿಸಿ, ನನ್ನದನ್ನೂ ಎಳೆದುಕೊಂಡು ತಿಂದಳು.

"ನಾನು ಗಟ್ಟಿಯಾಗಿರ್ಬೇಕು ಈಗ" ಎಂದಳು. ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕಳು. "ಊರೋರ ಹಾಲ್ನಾಗಿರೋ ಫ್ಯಾಟೆಲ್ಲ ಲೆಕ್ಕ ಬರ್ದ್ರಿ. ನಿಮ್ಮೊಟ್ಟೆವೊಳ್ಗೆ ಇರೋದು ಗೊತ್ತಾಗ್ಲಿಲ್ವಲ್ರೀ."

ನಾನೂ ನಕ್ಕೆ. ಆ ಹೋಟೆಲಿನಲ್ಲಿ ನಾವಿಬ್ಬರೂ ಅಳುತ್ತಿದ್ದೆವೋ ನಗುತ್ತಿದ್ದೆವೋ, ನೀರು ತಂದಿಟ್ಟವನಿಗೆ ಖಂಡಿತ ತಿಳಿದಿರಲಿಕ್ಕಿಲ್ಲ.

ಸುದ್ದಿ ಕೇಳಿದ ಮರುದಿನವೇ ನನ್ನ ಅಕ್ಕ ಗೌರಮ್ಮ ನಾಗಮಂಗಲದ ಕಡೆಯ ತನ್ನ ಊರಿಂದ ಎರಡು ಬಸ್ಸು ಬದಲಾಯಿಸಿ ಬಂದಳು. ನಾವಿಬ್ಬರೇ ಮಕ್ಕಳು. ನನಗಿಂತ ಐದು ವರ್ಷಕ್ಕೆ ದೊಡ್ಡವಳು. ನನ್ನ ಹಾಗೆಯೇ ಸಣಕಲು, ನನ್ನ ಹಾಗೆಯೇ ಶುಗರು. ಒಂದು ಚೀಲದಲ್ಲಿ ಎಳನೀರು, ಇನ್ನೊಂದರಲ್ಲಿ ರಾಗಿ ಹುರಿಹಿಟ್ಟು. ಒಳಗೆ ಬಂದವಳೇ ನನ್ನ ತಲೆಯನ್ನು ಎದೆಗೊತ್ತಿಕೊಂಡು "ನಿಂಗ್ಯಾಕ್ಲಾ ಬಂತು ಇದು? ಇರುವೆ ತುಳಿಯಾಕೂ ಎದ್ರೋನ್ಗೆ ಯಾಕ್ಲಾ ಬಂತು?" ಎಂದು ಅತ್ತಳು.

ಅತ್ತು ಸಮಾಧಾನವಾದ ಮೇಲೆ, ಜಯ ಕಾಫಿಗೆಂದು ಒಳಗೆ ಹೋದಾಗ, ದನಿ ತಗ್ಗಿಸಿ ಕೇಳಿದಳು. "ಲೇ ರಾಜು, ಯಾರ್ಗಾದ್ರೂ ಯೋಳಿದ್ದೀಯಾ?"

"ಇಲ್ಲ ಕಣಕ್ಕ."

"ಯೋಳ್ಬೇಡ. ಪಿತ್ತಕೋಸದಲ್ಲಿ ಕಲ್ಲು ಅಂತ ಅನ್ನು. ನಮ್ ನಯನಂಗೆ ಕೆ.ಆರ್. ಪೇಟೆ ಕಡೆಯಿಂದ ಗಂಡು ಬಂದದೆ. ಒಳ್ಳೆ ಜನ. ಮನೆತನದಲ್ಲಿ ಇಂಥದ್ದದೆ ಅಂತ ಗೊತ್ತಾದ್ರೆ ತಿರ್ಗೂ ನೋಡಾಕಿಲ್ಲ ಕಣ್ಲಾ."

ನಯನ ಅಕ್ಕನ ಒಬ್ಬಳೇ ಮಗಳು, ನಾಗಮಂಗಲದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಅವಳು ಹುಟ್ಟಿದಾಗ ಅಕ್ಕನಿಗೆ ಮೈ ಹುಷಾರಿಲ್ಲದೆ, ಆರು ತಿಂಗಳು ಅವಳನ್ನು ಎತ್ತಿ ಆಡಿಸಿದವನು ನಾನು. ನಾನು ಹಿಂದೆಮುಂದೆ ಯೋಚಿಸದೆ "ಆಯ್ತು" ಎಂದೆ. ನೋಡಲು ಬಂದವರಿಗೆಲ್ಲ ಪಿತ್ತಕೋಶದ ಕಲ್ಲು ಎಂದೆ. ಅದು ಎಷ್ಟು ಭಾರದ ಸುಳ್ಳು ಎಂದು ಆಗ ತಿಳಿದಿರಲಿಲ್ಲ. ಯಾರಾದರೂ "ಕಲ್ಲಿಗೆಲ್ಲ ಎದ್ರಿಕೋತಾರಾ" ಎಂದು ಬೆನ್ನು ತಟ್ಟಿದರೆ, ನನ್ನ ನಿಜವಾದ ಹೆದರಿಕೆಯನ್ನು ಹಿಡಿದುಕೊಂಡು ನಾನೊಬ್ಬನೇ ಕೂರಬೇಕಾಗುತ್ತಿತ್ತು.

ಆಪರೇಷನ್ನಿನ ಬೆಳಿಗ್ಗೆ ನೆನಪಿರುವುದು ಇಷ್ಟೆ. ಹಸಿರು ಅಂಗಿ ಹಾಕಿಸಿ, ನನ್ನ ಉಡಿದಾರವನ್ನು ಕತ್ತರಿಸಬೇಕೆಂದಾಗ ನರ್ಸಮ್ಮ ಕತ್ತರಿಯನ್ನು ಜಯಳ ಕೈಗೇ ಕೊಟ್ಟರು. "ನೀವೇ ಕತ್ತರಿಸಿ, ನೀವೇ ಇಟ್ಕೊಂಡಿರಿ" ಎಂದರು. ಅವರು ಕೇರಳದವರು, ಕನ್ನಡ ತಡವರಿಸುತ್ತಿತ್ತು. ಆದರೆ ಕಟ್ಟಿಕೊಂಡ ಹೆಂಡತಿಯ ಎದುರು ಬೇರೆಯವರು ಉಡಿದಾರ ಕತ್ತರಿಸಬಾರದು ಎಂಬುದು ಅವರಿಗೆ ಹೇಗೆ ಹೊಳೆಯಿತೋ. ಅಂಥ ಸಣ್ಣ ಕರುಣೆಗಳನ್ನು ನಾನು ಮರೆತಿಲ್ಲ.

ಎಚ್ಚರವಾದಾಗ ಹೊಟ್ಟೆಯ ತುಂಬ ಪಟ್ಟಿ, ಮೂಗಲ್ಲಿ ನಳಿಗೆ. ಮುಂದಿನ ನಾಲ್ಕು ದಿನ ಬಂದುಹೋದ ಡಾಕ್ಟರುಗಳೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಗ್ಯಾಸ್ ಹೋಯ್ತಾ?" ಹೋದರೆ ಕರುಳು ಕೆಲಸ ಶುರು ಮಾಡಿದೆ ಎಂದರ್ಥವಂತೆ. ನಾಲ್ಕನೆಯ ದಿನ ಬೆಳಿಗ್ಗೆ ಅದು ಹೋದಾಗ ಅಕ್ಕ ವಾರ್ಡಿನ ಬಾಗಿಲಿಗೆ ಓಡಿ, "ನರ್ಸಮ್ಮಾ, ನಮ್ ರಾಜುಗೆ ಓಯ್ತು ಕನವ್ವ!" ಎಂದು ಕೂಗಿದಳು. ಎಂಟು ಮಂಚದ ವಾರ್ಡಿಗೆ ವಾರ್ಡೇ ನಕ್ಕಿತು. ಹೊಲಿಗೆ ನೋಯುತ್ತದೆಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಕ್ಕದ ಮಂಚದ ಮುದುಕರು ಕೈಯೆತ್ತಿ ಮುಗಿದರು.

ಗಂಟನ್ನು ಪೂರ್ತಿ ತೆಗೆದಿದ್ದರು. ಹೊಲಿಗೆ ಬಿಚ್ಚಿಸಲು ಹೋದ ದಿನ ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ನಮ್ಮ ಮನೆತನದ ವಿಚಾರ ಕೇಳಿದರು. ತಂದೆ ಇದ್ದಾರಾ? ಯಾವುದರಿಂದ ಹೋದರು? ಅಕ್ಕ ತಂಗಿಯರೆಷ್ಟು? ಯಾರಿಗೆ ಶುಗರಿದೆ?

"ಶುಗರು, ಲಿವರಿನ ಕೊಬ್ಬು, ಈ ಗಂಟು, ಮೂರೂ ಬೇರೆ ಬೇರೆ ಅಂತ ನಾವು ಅಂದ್ಕೋತೀವಿ" ಎಂದರು. "ಆದ್ರೆ ಕೆಲವು ಮನೆತನಗಳಲ್ಲಿ ಇವಕ್ಕೆಲ್ಲ ಬೇರು ಒಂದೇ ಇರುತ್ತೆ, ರಕ್ತದಲ್ಲೇ ಬಂದಿರುತ್ತೆ. ನಿಮ್ಮಂಥ ಸಣ್ಣ ಮೈಯವರಿಗೂ. ಬಂದೇ ಬರುತ್ತೆ ಅಂತಲ್ಲ. ನೋಡ್ಕೋತಾ ಇದ್ರೆ ಬೇಗ ಸಿಗುತ್ತೆ ಅಷ್ಟೆ. ನಿಮ್ಮಕ್ಕನಿಗೆ ಶುಗರಿದೆ ಅಂದ್ರಲ್ಲ, ಅವರನ್ನ ಮೊದಲು ಕರ್ಕೊಂಡು ಬನ್ನಿ."

ಅಕ್ಕ ಬರಲಿಲ್ಲ. ಫೋನಿನಲ್ಲಿ ಹೇಳಿದರೆ "ನಂಗೇನಾಗದೆ, ಗುಂಡ್ಕಲ್ಲಂಗಿವ್ನಿ" ಎಂದಳು. ಎರಡನೆಯ ಸಲ ಹೇಳಿದರೆ ತೆಂಗಿನಕಾಯಿ ಕೀಳಿಸುವ ಕೆಲಸವಿದೆ ಎಂದಳು. ಮೂರನೆಯ ಸಲ ಜೋರಾಗಿಯೇ ಜಗಳವಾಯಿತು.

"ಮಗ್ಳ ಮಾತುಕತೆ ನಡೀತಾ ಇರೋವಾಗ ನಾನು ಓಗಿ ಆ ಆಸ್ಪತ್ರೇಲಿ ಸಾಲಲ್ಲಿ ಕೂತ್ಕಳ್ಳಾ? ಯಾರಾದ್ರೂ ನೋಡಿದ್ರೆ?"

"ನಿಂಗೇನಾದ್ರೂ ಆದ್ರೆ ಮದ್ವೆ ಯಾರ್ಗೆ ಬೇಕಕ್ಕ?"

"ಅಪ್ಪನ ಎಸ್ರು ಕೆಟ್ಟಿದ್ದು ಸಾಕು. ಈಗ ನಮ್ದೂ ಕೆಡ್ಸಬೇಡ" ಎಂದು ಫೋನು ಇಟ್ಟಳು.

ಅಪ್ಪನ ವಿಚಾರ ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ. ಅಪ್ಪ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತಿದ್ದವನು. ನನಗೆ ಹದಿನೇಳಾಗಿದ್ದಾಗ ಅವನ ಕಣ್ಣು ಹಳದಿಯಾಯಿತು. ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ತುಂಬಿದ ಬಿಂದಿಗೆಯ ಹಾಗೆ ಊದಿಕೊಂಡಿತು. ಊರು ಒಂದೇ ಮಾತಲ್ಲಿ ತೀರ್ಮಾನ ಮಾಡಿತು: ಕದ್ದು ಕುಡಿಯುತ್ತಾನೆ. ನಾವು ಯಾರೂ ಅವನು ಕುಡಿದದ್ದು ಕಂಡಿರಲಿಲ್ಲ. ಆದರೆ ಆಗಷ್ಟೇ ಮದುವೆಯಾಗಿದ್ದ ಅಕ್ಕ ಒಂದು ದಿನ ತವರಿಗೆ ಬಂದಾಗ, ಕೊಟ್ಟಿಗೆಯ ಮಾಡಿನಲ್ಲಿ ಅವಳಿಗೆ ಒಂದು ಬ್ರಾಂದಿ ಬಾಟಲಿ ಸಿಕ್ಕಿತು. ಅರ್ಧ ತುಂಬಿತ್ತು. ಅದನ್ನು ಅಪ್ಪನ ಎದುರಿಗೇ ಕಲ್ಲಿಗೆ ಬಡಿದು ಒಡೆದಳು. "ಔಸ್ದಿ ಕನವ್ವ ಅದು" ಎಂದ ಅಪ್ಪ. ಅವಳು ನಂಬಲಿಲ್ಲ. ಗಂಡನ ಮನೆಯಲ್ಲಿ ತಾನು ತಲೆಯೆತ್ತಿ ಓಡಾಡುವುದು ಹೇಗೆ ಎಂದು ಕೇಳಿ, ಅಂದೇ ಹೊರಟುಹೋದಳು. ಮತ್ತೆ ಬಂದದ್ದು ಎರಡು ತಿಂಗಳ ಮೇಲೆ, ಅಪ್ಪನ ಮಣ್ಣಿಗೆ.

ಡಾಕ್ಟರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಈಗ ಒಬ್ಬರೇ ಉಳಿದಿದ್ದರು. ಅಪ್ಪನ ತಂಗಿ ನಿಂಗಮ್ಮತ್ತೆ. ಎಂಬತ್ತರ ಹತ್ತಿರ ವಯಸ್ಸು, ಶ್ರೀರಂಗಪಟ್ಟಣದ ಕೋಟೆಯೊಳಗೆ ಮಗನ ಮನೆಯಲ್ಲಿದ್ದಾರೆ. ನಾನು ಸ್ವಲ್ಪ ಓಡಾಡುವಂತಾದ ಮೇಲೆ ಒಂದು ಮಧ್ಯಾಹ್ನ ಹೋದೆ. ಅತ್ತೆಗೆ ಕಲ್ಲು ಎಂದು ಸುಳ್ಳು ಹೇಳಲಾಗಲಿಲ್ಲ. ಅಂಗಿ ಎತ್ತಿ ಗಾಯ ತೋರಿಸಿ, ಇದ್ದದ್ದು ಇದ್ದಂತೆ ಹೇಳಿದೆ.

ಅತ್ತೆ ಗಾಯದ ಮೇಲೆ ಬೆರಳಾಡಿಸಿದರು. "ನಮ್ಮವ್ವಂಗೂ ಇಂಗೇ ಕನ್ಮಗ" ಎಂದರು.

"ಯಾರ್ಗೆ, ಅಜ್ಜಿಗಾ?"

"ಊಂ. ಅವ್ವ ಉಚ್ಚೆ ಉಯ್ದ ತಾವು ಇರುವೆ ಮುತ್ಕಳ್ಳವು. ಸುಗರು ಅಂತ ಆಗ ಯಾರ್ಗ್ ಗೊತ್ತಿತ್ತು? ಆಮ್ಯಾಕೆ ಒಟ್ಟೆಗೆ ನೀರು ತುಂಬ್ಕತ್ತು. ಕಣ್ಣು ಅರಿಸಿನ ಆಯ್ತು. ಓದ್ಲು. ಅಣ್ಣಂಗೂ ಅದೇ ಆಯ್ತು."

"ಅತ್ತೆ, ಅಪ್ಪ ಕುಡೀತಿದ್ನಾ?"

ಅತ್ತೆ ನನ್ನನ್ನು ಹೊಡೆಯುವ ಹಾಗೆ ನೋಡಿದರು. "ಯಾವನ್ಲಾ ಅಂದೋನು? ನೆಲನೆಲ್ಲಿ ಕಸಾಯ ಮಾಡಿ ಕಳಿಸ್ತಿದ್ದೋಳು ನಾನು. ಕಾಮಾಲೆಗೆ ಅದೇ ಔಸ್ದಿ ಆಗ. ಆಕಿ ಕಳ್ಸಾಕೆ ಬಾಟ್ಲಿ ಇರ್ಲಿಲ್ಲ. ಅಂಗಡೀಲಿ ಕೇಳಿದ್ಕೆ ಅವ್ನು ಕೊಟ್ಟಿದ್ದು ಬ್ರಾಂದಿ ಬಾಟ್ಲಿ. ಬಿಸ್ನೀರಾಕಿ ತೊಳ್ದು ತುಂಬಿದ್ದೆ. ವಾಸ್ನೆ ಓಗಿರ್ಲಿಲ್ಲ ಏನೋ." ಆಮೇಲೆ, "ಒಂದು ಬಾಟ್ಲಿ ಒಡ್ದೋಯ್ತು, ಇನ್ನೊಂದು ಕಳ್ಸು ಅಂದಿದ್ದ. ಯಾರು ಒಡೆದ್ರು ಅಂತ ಯೋಳ್ಲಿಲ್ಲ" ಎಂದರು.

ನಾನು ಅಲ್ಲಿಂದ ಸೀದಾ ಮೈಸೂರಿಗೆ ಹೋಗಿ ಡಾಕ್ಟರ ಮುಂದೆ ಕೂತೆ. ಅಪ್ಪ, ಅಜ್ಜಿ, ಇರುವೆ, ಬಾಟಲಿ ಎಲ್ಲವನ್ನೂ ಹೇಳಿದೆ. ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. "ನಾನು ಕಣ್ಣಿಂದ ನೋಡದೋರ ಬಗ್ಗೆ ತೀರ್ಪು ಹೇಳೋಕಾಗಲ್ಲ" ಎಂದರು. "ಆದ್ರೆ ಕುಡಿಯದೆ ಲಿವರು ಹಾಳಾಗುತ್ತಾ ಅಂದ್ರೆ, ಆಗುತ್ತೆ. ನೀವೇ ಇದ್ದೀರಲ್ಲ ನನ್ನ ಮುಂದೆ."

ಆ ಭಾನುವಾರ ನಾನೂ ಜಯಳೂ ಅಕ್ಕನ ಊರಿಗೆ ಹೋದೆವು. ಅಕ್ಕ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು. ಆದರೆ ಕೂರಲು ಮೆತ್ತನೆಯ ಗೋಣಿ ಮಡಿಸಿ ಹಾಕಿದಳು. ನಾನು ಬೇರೆ ಏನೂ ಹೇಳದೆ ಅತ್ತೆಯ ಮಾತನ್ನು ಅವರು ಹೇಳಿದ ಹಾಗೆಯೇ ಹೇಳಿದೆ.

ಮೊರ ಆಡುತ್ತಲೇ ಇತ್ತು. ಕಸಾಯ ಎಂದಾಗ ನಿಧಾನವಾಯಿತು. ಬಾಟಲಿ ಎಂದಾಗ ನಿಂತಿತು.

"ನೆಲನೆಲ್ಲೀನಾ?" ಎಂದು ಕೇಳಿದಳು.

"ಊಂ ಅಕ್ಕ."

"ಒಡ್ದಾಗ ನೆಲದ್ ಮ್ಯಾಲೆ ಅಸ್ರು ಅಸ್ರು ಚರಟ ಇತ್ತು ಕಣ್ಲಾ." ಅವಳ ದನಿ ಚಿಕ್ಕ ಹುಡುಗಿಯದಾಗಿತ್ತು. "ಕಂಡಿದ್ದೆ ನಾನು. ಬ್ರಾಂದೀಲಿ ಚರಟ ಎಲ್ಲಿರ್ತದೆ? ಕಂಡೂ ನಂಬ್ಲಿಲ್ಲ. ಔಸ್ದಿ ಕನವ್ವ ಅಂತ ಅಂದ. ಒಂದೇ ಸತಿ ಅಂದ. ಆಮೇಲೆ ಸುಮ್ನಾಗ್ಬುಟ್ಟ."

ಮೊರ ಜಾರಿ ರಾಗಿ ಅಂಗಳದ ತುಂಬ ಹರಡಿತು. ಅಕ್ಕ ಮೂವತ್ತನಾಲ್ಕು ವರ್ಷದ ಅಳುವನ್ನು ಅತ್ತಳು. ಜಯ ಅವಳ ಪಕ್ಕ ಕೂತು ಬೆನ್ನು ಸವರಿದಳು. ಒಳಗಿಂದ ನಯನ ಬಂದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಾಯಿಯ ಎದುರು ಕುಕ್ಕರುಗಾಲಲ್ಲಿ ಕೂತು, ಚೆಲ್ಲಿದ ರಾಗಿಯನ್ನು ಬಾಚುತ್ತಾ ಹೇಳಿದಳು. "ಅವ್ವ, ಬಯ್ಯಬ್ಯಾಡ. ಮಾವಂಗೆ ಏನಾಗಿತ್ತು ಅಂತ ನಾನು ಆ ಹುಡುಗಂಗೆ ಹೋದ ತಿಂಗ್ಳೇ ಹೇಳ್ಬುಟ್ಟಿದ್ದೀನಿ. ಮುಚ್ಚಿಟ್ಟು ಮದ್ವೆ ಆಗಕ್ಕೆ ನನ್ ಕೈಲಾಗಾಕಿಲ್ಲ."

ಅಕ್ಕ ತಲೆಯೆತ್ತಿದಳು. "ಏನಂದ?"

"ಮನೇಲಿ ಕೇಳ್ತೀನಿ ಅಂದವ್ರೆ. ಇನ್ನೂ ಏನೂ ಹೇಳಿಲ್ಲ."

ಅಕ್ಕ ಬಯ್ಯಲಿಲ್ಲ. ಸೆರಗಲ್ಲಿ ಮುಖ ಒರೆಸಿಕೊಂಡು, "ಯಾವತ್ತು ಓಗದು ಮೈಸೂರ್ಗೆ?" ಎಂದು ನನ್ನನ್ನು ಕೇಳಿದಳು.

ನಾವು ಗುರುವಾರ ಹೋದೆವು. ಬುಧವಾರ ಗಂಡಿನ ತಾಯಿ ಕೆ.ಆರ್. ಪೇಟೆಯಿಂದ ಅಕ್ಕನಿಗೆ ಫೋನು ಮಾಡಿದ್ದರು. ಅಕ್ಕ ಆ ಮಾತನ್ನು ಬಸ್ಸಿನಲ್ಲಿ ನನಗೆ ಮೂರು ಸಲ ಒಪ್ಪಿಸಿದಳು. "ನಮ್ಮತ್ತೆಗೆ ಸುಗರು, ನಮ್ಮೆಜಮಾನ್ರಿಗೆ ಸುಗರು, ನಂಗೆ ಬಿಪಿ. ಮಾತ್ರೆ ಡಬ್ಬ ಇಡಾಕೇ ಒಂದು ಗೂಡು ಮಾಡ್ಸಿವ್ನಿ ಅಂತಾರೆ ಕಣ್ಲಾ! ನಿಮ್ಮುಡ್ಗಿ ಮೊದ್ಲೇ ಯೋಳುದ್ಲು, ಇಂಥೋಳು ನಮ್ಮನೇಗೆ ಬೇಕು ಅಂತಾರೆ." ಗಂಡಿನ ದೊಡ್ಡಪ್ಪನೊಬ್ಬರು ಒಪ್ಪದೆ ಮುನಿಸಿಕೊಂಡರು. ಮದುವೆಗೂ ಬರಲಿಲ್ಲ. ಅವರನ್ನು ನಾನು ದೂರುವುದಿಲ್ಲ. ನಾವೇ ಅಷ್ಟು ಹೆದರಿದ್ದೆವಲ್ಲ.

ಅಕ್ಕನ ಲಿವರಿನಲ್ಲಿ ಗಂಟಿರಲಿಲ್ಲ. ಆದರೆ ಕೊಬ್ಬು ತುಂಬಿತ್ತು, ಅಲ್ಲಲ್ಲಿ ಗಟ್ಟಿಯಾಗಲು ಶುರುವಾಗಿತ್ತು. "ಒಳ್ಳೆ ಹೊತ್ತಿಗೆ ಬಂದ್ರಿ" ಎಂದರು ಡಾಕ್ಟರು. ಊಟ ತಿದ್ದಿಕೊಟ್ಟರು, ಶುಗರಿನ ಮಾತ್ರೆ ಬದಲಾಯಿಸಿದರು, ದಿನಾ ನಡೆಯಲು ಹೇಳಿದರು, ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಎಂದರು. ನಯನಳನ್ನೂ ಒಮ್ಮೆ ನೋಡಿದರು. ಏನೂ ಇರಲಿಲ್ಲ. ಮದುವೆಯ ಕರೆಯೋಲೆಯಲ್ಲಿ ಅಕ್ಕ ಹಟ ಹಿಡಿದು ಅಪ್ಪನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿದಳು.

ನನ್ನದು ಮುಗಿದ ಕತೆಯಲ್ಲ. ಒಂದೂವರೆ ವರ್ಷದ ಮೇಲೆ ಇನ್ನೊಂದು ಚುಕ್ಕೆ ಕಂಡಿತು, ಕಡಲೆಕಾಳಿನಷ್ಟು. ಈ ಸಲ ಹೊಟ್ಟೆ ಕುಯ್ಯಲಿಲ್ಲ, ಸೂಜಿ ಇಳಿಸಿ ಸುಟ್ಟರು. ಎರಡು ದಿನಕ್ಕೆ ಮನೆಗೆ ಬಂದೆ. ಈಗ ಯಾರಾದರೂ ಕೇಳಿದರೆ ಕಲ್ಲು ಎನ್ನುವುದಿಲ್ಲ. ಡೈರಿಗೆ ಹಾಲು ತರುವವರಿಗೂ ಹೇಳಿದ್ದೇನೆ. ಹೇಳಿದ ಮೇಲೆ ಮೂವರು, "ನಮ್ಮಪ್ಪಂಗೂ ಹಂಗೇ ಒಟ್ಟೆ ಊದಿತ್ತು" ಎಂದು ಮೆಲ್ಲಗೆ ಬಂದು ಮಾತಾಡಿದರು. ಅದರಲ್ಲಿ ಇಬ್ಬರು ಹೋಗಿ ತೋರಿಸಿಕೊಂಡು ಬಂದರು. ಸ್ಕ್ಯಾನಿನ ದಿನ ಹತ್ತಿರ ಬಂದರೆ ನನಗೆ ಈಗಲೂ ಅನ್ನ ಸೇರುವುದಿಲ್ಲ. ಅದು ಕಡಿಮೆಯಾಗುತ್ತದೆ ಎಂದು ನಿಮಗೆ ಸುಳ್ಳು ಹೇಳಲಾರೆ. ಜೊತೆಯಲ್ಲಿ ಒಬ್ಬರು ಕೂತಿದ್ದರೆ ತಡೆದುಕೊಳ್ಳಬಹುದು, ಅಷ್ಟೆ.

ನಮ್ಮಿಬ್ಬರ ಸ್ಕ್ಯಾನನ್ನೂ ಡಾಕ್ಟರು ಒಂದೇ ದಿನಕ್ಕೆ ಹೊಂದಿಸಿಕೊಟ್ಟಿದ್ದಾರೆ. ಅಕ್ಕ ನಾಗಮಂಗಲದಿಂದ ಪಾಂಡವಪುರಕ್ಕೆ ಬರುತ್ತಾಳೆ, ಅಲ್ಲಿಂದ ಇಬ್ಬರೂ ಒಂದೇ ಬಸ್ಸು. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಆದ್ದರಿಂದ ದಾರಿಯುದ್ದಕ್ಕೂ ಊಟದ ಮಾತೇ ಆಡುತ್ತೇವೆ. ಹೋದ ಸಲ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಹೊಸ ನರ್ಸೊಬ್ಬಳು ಅಕ್ಕನ ಹೆಸರು ಕೂಗಿದಳು. ನಾವಿಬ್ಬರೂ ಎದ್ದೆವು.

"ಇಬ್ಬರೂ ಬರೋಹಾಗಿಲ್ಲ. ಪೇಷೆಂಟ್ ಯಾರು, ಜೊತೆಗೆ ಬಂದೋರು ಯಾರು?"

ಅಕ್ಕ ತನ್ನ ಕೈಚೀಲವನ್ನು ನನ್ನ ಕೈಗೆ ಕೊಟ್ಟಳು. "ಈಗ ನಾನು ಪೇಸೆಂಟು, ಇವ್ನು ಜತೇಗೆ ಬಂದೋನು" ಎಂದಳು. "ನಾನು ಆಚೆ ಬಂದೇಟ್ಗೆ ಇವ್ನು ಪೇಸೆಂಟು, ನಾನು ಜತೇಗೆ ಬಂದೋಳು ಕನವ್ವ."